ಹೆಸರಿಲ್ಲದ ಮಳೆ ಬಂದ ಸೋಮವಾರ

ನಮ್ಮ ಕಡೆ ಮಳೆಗಳಿಗೆಲ್ಲ ಹೆಸರಿತ್ತು. ಭರಣಿ, ರೋಹಿಣಿ, ಆರಿದ್ರೆ, ಮಘೆ, ಉತ್ತರೆ, ಚಿತ್ತೆ, ಸ್ವಾತಿ ಎಂದು, ಬಂದು ಹೋಗುವ ನೆಂಟರ ವಿಷಯ ಮಾತಾಡುವ ಹಾಗೆ ಮಾತಾಡುತ್ತಿದ್ದೆವು. ರೋಹಿಣಿ ಈ ಸಲ ಮುಖ ತೋರಿಸಿ ಹೋದಳು, ಮಘೆ ಮನಸಾರೆ ಬಂದಳು, ಚಿತ್ತೆಯ ಬುದ್ಧಿ ಗೊತ್ತೇ ಇದೆಯಲ್ಲ, ಎದುರುಮನೆಯವರ ಹೊಲಕ್ಕೆ ಸುರಿದು ನಮ್ಮ ಬದುವಿನ ಹತ್ತಿರ ತಿರುಗಿಕೊಂಡಳು, ಹೀಗೆ. ಯುಗಾದಿಯ ದಿನ ಜೋಯಿಸರು ಈಶ್ವರನ ಗುಡಿಯ ಮುಂದೆ ಪಂಚಾಂಗ ಓದಿ, ವರ್ಷದಲ್ಲಿ ಯಾವ ಮಳೆ ಹೇಗೆ, ಯಾವ ಧಾನ್ಯಕ್ಕೆ ಬಲ ಎಂದು ಹೇಳುತ್ತಿದ್ದರು. ವಿಶಾಖೆ ಮುಗಿದರೆ ನಮ್ಮೂರಲ್ಲಿ ಮಳೆಯ ಲೆಕ್ಕ ಮುಗಿಯಿತು. ಅಲ್ಲಿಂದಾಚೆಗೆ ಇಬ್ಬನಿ, ಚಳಿ, ಅವರೆಕಾಯಿ. ಆಕಾಶವನ್ನು ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ನೋಡುವುದಕ್ಕೆ ಅಲ್ಲಿ ಏನೂ ಇರುತ್ತಿರಲಿಲ್ಲ.

ನಾನು ಹುಟ್ಟಿದ್ದು ಎಡತೊರೆ ಸೀಮೆಯ ಭೇರ್ಯದ ಹತ್ತಿರ, ನಾಲೆ ನೀರಿನ ಊರಿನಲ್ಲಿ. ಮದುವೆಯಾಗಿ ಬಂದದ್ದು ಪಿರಿಯಾಪಟ್ಟಣದ ರಾವಂದೂರಿನಿಂದಾಚೆ, ಮಳೆಯನ್ನೇ ನಂಬಿದ ಹೊಲದೂರಿಗೆ. ಗದ್ದೆಯ ಬದುವಿನ ಮೇಲೆ ನಡೆದು ಬೆಳೆದವಳಿಗೆ ರಾಗಿಯ ಸಂಗತಿ ಏನೂ ತಿಳಿಯದು. ನಮ್ಮತ್ತೆ ಎಲ್ಲವನ್ನೂ ಕೈಹಿಡಿದು ಕಲಿಸಿದರು. ಕಲಿಸುವಾಗ ಬೈದರು, ಬೈದ ಮೇಲೆ ತುಪ್ಪ ಹಾಕಿ ಉಣ್ಣಲಿಟ್ಟರು. ಅಂಥ ಅತ್ತೆಯನ್ನು ಕೊಟ್ಟದ್ದಕ್ಕೆ ದೇವರಿಗೆ ಈಗಲೂ ದೀಪ ಹಚ್ಚುವಾಗ ಒಂದು ಮಾತು ಹೇಳುತ್ತೇನೆ.

ನಾನು ಬಂದ ಎರಡನೆಯ ವರ್ಷದ ಮಾತು ಇದು. ಮಹಾರಾಜರ ಕಾಲ. ಆ ವರ್ಷ ರಾಗಿ ಕಣ್ಣು ತುಂಬುವ ಹಾಗೆ ಬಂದಿತ್ತು. ಬರಬೇಕಾಗಿಯೂ ಇತ್ತು. ರಾಗಿ ತುಂಬಿಡಲು ನೆಲದೊಳಗೆ ಬಾವಿಯ ಹಾಗೆ ತೋಡಿದ ಹಗೇವು ಖಾಲಿಯಾಗಿ, ಒಳಗೆ ಇಳಿದು ನಿಂತರೆ ಗುಡಿಸುವಷ್ಟು ರಾಗಿ ಮಾತ್ರ ಉಳಿದಿತ್ತು. ಹೊಲದಲ್ಲಿ ಕೊಯ್ದು ಹಾಕಿದ್ದೇ ಮುಂದಿನ ಸುಗ್ಗಿಯವರೆಗೆ ನಮ್ಮೆಲ್ಲರ ಹಿಟ್ಟು.

ಕೊಯ್ದ ರಾಗಿಯನ್ನು ಕೂಡಲೇ ಮನೆಗೆ ತರುವುದಿಲ್ಲ. ಹಿಡಿ ಹಿಡಿಯಾಗಿ ಹೊಲದಲ್ಲೇ ಮಲಗಿಸಿ ಬಿಸಿಲಿಗೆ ಬಿಡುತ್ತಾರೆ. ಅದಕ್ಕೆ ಅರಿ ಎಂದು ಹೆಸರು. ತೆನೆ ಗರಿಗರಿಯಾದ ಮೇಲೆ ಹೊರೆ ಕಟ್ಟಿ, ಗಾಡಿಯಲ್ಲಿ ಹೇರಿ ತಂದು, ಮೆದೆ ಒಟ್ಟಿ, ಬಿಡುವಾದಾಗ ಕಣದಲ್ಲಿ ಬಡಿಯುವುದು. ನಮ್ಮ ಅರಿ ಒಣಗಿ ಸಿದ್ಧವಾಗಿತ್ತು. ಕಡೇ ಕಾರ್ತಿಕ ಸೋಮವಾರ ಕಳೆದ ಮೇಲೆ ಗಾಡಿ ಕಟ್ಟುವುದೆಂದು ಮಾವನವರು ಹೇಳಿದ್ದರು. ನಮ್ಮೂರಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ತಾಕಿಸುತ್ತಿರಲಿಲ್ಲ. ನೇಗಿಲಿಗೂ ಇಲ್ಲ, ಗಾಡಿಗೂ ಇಲ್ಲ. ಅದು ಬಸವಣ್ಣನ ದಿನ. ಅದರಲ್ಲೂ ಕಾರ್ತಿಕದ ಸೋಮವಾರವೆಂದರೆ ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಇಟ್ಟು, ಹುಲ್ಲು ಹಾಕಿ, ನಾವು ದೀಪ ಹಚ್ಚುವ ತನಕ ಉಪವಾಸ ಇರುತ್ತಿದ್ದೆವು.

ಆ ಸೋಮವಾರ ಬೆಳಗ್ಗೆ, ಅತ್ತೆ ತಂಬಿಟ್ಟಿಗೆಂದು ಅಕ್ಕಿ ನೆನೆಹಾಕುತ್ತಿದ್ದಾಗ, ಬೀದಿಯಲ್ಲಿ ಕುದುರೆಯ ಗೆಜ್ಜೆ ಕೇಳಿಸಿತು. ಹುಣಸೂರಿನಲ್ಲಿ ಅಂಗಡಿ ಇಟ್ಟಿದ್ದ ಸಾಬರು ಅವರು. ಕುದುರೆ ಗಾಡಿಯಲ್ಲಿ ಉಪ್ಪು, ಬೆಲ್ಲ, ಒಣಮೆಣಸಿನಕಾಯಿ ಹೇರಿಕೊಂಡು ನಮ್ಮ ಊರುಗಳ ಮೇಲೆ ಬರುತ್ತಿದ್ದರು. ಆ ದಿನ ಗಾಡಿಯಲ್ಲಿ ಉಪ್ಪು ಮಾತ್ರ ಇತ್ತು. ಅವರಿಗೂ ಆಗ ರಂಜಾನ್ ಉಪವಾಸದ ತಿಂಗಳು. ಒಣಗಿದ ತುಟಿಯಲ್ಲೇ ನಗುತ್ತ ಇಳಿದರು.

"ಅವ್ವಾ, ಉಪ್ಪು ವಸಿ ಜಾಸ್ತೀನೇ ತಕ್ಕಳಿ. ಇನ್ನೊಂದಷ್ಟ್ ದಿನ ಬರಾಕಿಲ್ಲ ಉಪ್ಪು."

"ಯಾಕ್ ಸಾಬ್ರಣ್ಣ, ಸಮುದ್ರದಾಗೆ ತೀರೋಯ್ತಾ?" ಎಂದರು ಅತ್ತೆ.

"ತೀರಿಲ್ಲ ಕಣವ್ವ, ಸಮುದ್ರವೇ ಎದ್ ಕುಂತದಂತೆ. ಮೈಸೂರಲ್ಲಿ ಟೇಸನ್ ತಾವ ಇದೇ ಮಾತು. ಮದ್ರಾಸ್ ಕಡೆ ತುಫಾನು. ತೆಂಗಿನ ಮರಗೋಳು ಬುಡಮೇಲಾಗವಂತೆ, ರೈಲು ದಾರೀಲೇ ನಿಂತ್ಬುಟ್ಟವಂತೆ. ನಾನ್ ಇವತ್ ಬರ್ಬೇಕಾರೆ ಮೂಡ್ಲಲ್ಲಿ ಮೋಡ ನೋಡ್ದೆ. ಕುರಿ ಮಂದೆ ಬಂದಂಗೆ ಈ ಕಡೀಕೇ ನುಗ್ತಾ ಅವೆ."

ನಮ್ಮ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತ ಕೂತಿದ್ದ ಎದುರುಮನೆ ದೊಡ್ಡಪ್ಪ ಗಟ್ಟಿಯಾಗಿ ನಕ್ಕರು. ಅವರ ರಾಗಿ ಇನ್ನೂ ಕೊಯ್ಯದೆ ಹೊಲದಲ್ಲಿ ನಿಂತಿತ್ತು, ಅವರಿಗೆ ನಗಲು ಧೈರ್ಯವಿತ್ತು.

"ಅಲ್ಲ ಕಣ್ರೀ ಸಾಬ್ರೇ, ಮದ್ರಾಸಲ್ಲಿ ಮಳೆ ಉಯ್ದ್ರೆ ನಮ್ ಅಳ್ಳೀಲಿ ಕಂಬಳಿ ಕೊಪ್ಪೆ ಆಕ್ಕಬೇಕಾ? ಅಲ್ಲಿಗೂ ಇಲ್ಲಿಗೂ ಮದ್ಯೆ ಎಷ್ಟ್ ಊರವೆ! ಅಷ್ಟೂ ಊರ್ ಬುಟ್ಟು, ಇವ್ರ ಅರೀನೇ ಉಡೀಕಂಡ್ ಬತ್ತದಾ ಮಳೆ?"

"ನಂಗೇನ್ ಗೊತ್ತು ದೊಡ್ಡಪ್ಪಾ, ಕೇಳಿದ್ ಮಾತು ಹೇಳ್ದೆ. ಗುಡುಗು ಸಿಡ್ಲು ಎಲ್ಲಾ ಬತ್ತದಂತೆ," ಎಂದರು ಸಾಬರು.

ಮಾವನವರು ಬೆರಳು ಮಡಿಸಿ ಎಣಿಸಿದರು. ಸ್ವಾತಿ ಆಯಿತು, ವಿಶಾಖೆ ಆಯಿತು. "ಈಗ ಮಳೆ ಬಂದ್ರೆ ಯಾವ್ ಮಳೆ ಅಂತ ಕರೆಯೋದು? ಹೆಸ್ರೇ ಇಲ್ವಲ್ಲ," ಎಂದರು. ಹೆಸರಿಲ್ಲದ್ದು ಬರಲಾರದು ಎಂಬುದೇ ಅವರ ವಾದ. ಹೊರಗೆ ನೋಡಿದರೆ ಬಿಸಿಲೂ ಇತ್ತು, ಸ್ವಲ್ಪ ಮಂಕಾಗಿತ್ತು ಅಷ್ಟೇ.

ಅತ್ತೆ ಒಳಗೆ ಹೋದರು. ನಾನೂ ಹಿಂದೆಯೇ ಹೋದೆ. ಉಪ್ಪಿನ ಮಡಕೆಯೊಳಗೆ ಕೈಹಾಕಿ ಬೆರಳು ತೆಗೆದರು. ಬೆರಳು ಒದ್ದೆಯಾಗಿತ್ತು. ಒಲೆಯ ಹೊಗೆ ಗವಾಕ್ಷಿಯ ಕಡೆ ಏಳದೆ ನೆಲದ ಮೇಲೆ ಬೆಕ್ಕಿನ ಹಾಗೆ ಹರಿದಾಡುತ್ತಿತ್ತು. ಆಮೇಲೆ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು.

"ನೆನ್ನೆ ಮೊನ್ನೆ ನಿನ್ ತುಟಿ ಒಡೆದು ರಕ್ತ ಬತ್ತಿತ್ತಲ್ಲ ಕೂಸೇ, ಬೆಣ್ಣೆ ಅಚ್ಚಿದ್ದೆ. ಇವತ್ತು ಉರೀತದಾ?"

"ಇಲ್ಲ ಅತ್ತೆ."

"ಮೂಡಗಾಳಿ ಬೀಸ್ತದೆ, ತುಟಿ ಒಡೀತಿಲ್ಲ. ಈ ಗಾಳಿ ನೀರ್ ಕುಡ್ಕಂಡ್ ಬಂದದೆ ಕಣವ್ವ."

ಅಷ್ಟು ಹೇಳಿ ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಜಗಲಿಗೆ ಬಂದು, "ಇವತ್ತೇ ರಾಗಿ ಮನೆಗ್ ಬರ್ಬೇಕು," ಎಂದರು.

ನನ್ನ ಮೈದುನನಿಗೆ ಆಗ ಮೀಸೆ ಬಲಿತಿದ್ದ ವಯಸ್ಸು, ಮಾತೂ ಬಲಿತಿತ್ತು. "ಸರಿ, ಗಾಡಿ ಕಟ್ತೀನಿ. ಒಂದ್ ಸೋಮಾರಕ್ಕೆ ಬಸವಣ್ಣ ಏನ್ ಕೇಳಾಕ್ ಬತ್ತನಾ?" ಎಂದ.

"ಕೇಳಾಕಿಲ್ಲ ಕಣ್ಲಾ. ಅದ್ಕೇ ಕಟ್ಬಾರ್ದು," ಎಂದರು ಅತ್ತೆ. "ಬಾಯಿರೋರ್ಗೆ ಮಾತು ತಪ್ಪುದ್ರೆ ಬೈದಾದ್ರೂ ಬೈತಾರೆ. ಬಾಯಿಲ್ದೋನ್ಗೆ ಕೊಟ್ ಮಾತ ತಪ್ಪೋದು ಎಂಗ್ಲಾ?"

ನಮ್ಮ ಯಜಮಾನರು ಅವ್ವನ ಮುಖ ನೋಡಿದರು, ಕೊಟ್ಟಿಗೆಯ ಕಡೆ ನೋಡಿದರು. ಎತ್ತುಗಳು ವಿಭೂತಿ ಬಳಿಸಿಕೊಂಡು ಸ್ವಾಮಿಗಳ ಹಾಗೆ ಮಲಗಿ ಮೆಲುಕು ಹಾಕುತ್ತಿದ್ದವು. ಹೊಲ ಕೆರೆ ಏರಿಯ ಆಚೆ. ಇಡೀ ಹೊಲದ ರಾಗಿಯನ್ನು ತಲೆಯ ಮೇಲೆ ಹೊತ್ತು ತರುವುದೆಂದರೆ ನಮ್ಮ ಮನೆಯ ಕೈಗಳು ಸಾಲುತ್ತಿರಲಿಲ್ಲ. ಹಾಗೆಂದು ಬಿಟ್ಟರೆ, ನೆಂದ ಅರಿ ಹೊಲದಲ್ಲೇ ಮೊಳೆತು, ಮುಗ್ಗಿ, ಕಪ್ಪಾಗುತ್ತದೆ.

ಆಗ ಸಾಬರು ಗಾಡಿಯಿಂದ ಉಪ್ಪಿನ ಚೀಲ ಇಳಿಸಿ ನಮ್ಮ ಜಗಲಿಯ ಮೇಲಿಟ್ಟರು. ಇನ್ನೊಂದು ಇಳಿಸಿದರು.

"ಇದೇನ್ ಸಾಬ್ರಣ್ಣ?"

"ನನ್ ಕುದ್ರೆಗೆ ಸೋಮಾರ ಇಲ್ವಲ್ಲವ್ವ."

ಮಾವನವರು ತುಂಬ ಯೋಚಿಸಿ, "ಅದ್ಕೆ ಶುಕ್ರವಾರ ಇರ್ಬೇಕು," ಎಂದರು. ಜಗಲಿಯ ತುಂಬ ನಗು. ಅತ್ತೆಗೆ ಮಾತ್ರ ಅಳುಕು. "ನೀವ್ ನೀರೂ ಕುಡ್ಯಂಗಿಲ್ಲ, ಈ ದಣಿವು ಬ್ಯಾಡ," ಎಂದರು.

"ಉಪವಾಸ ನಂದು ಕಣವ್ವ, ಕುದ್ರೇದಲ್ಲ," ಎಂದು ಅವರು ಲಗಾಮು ಹಿಡಿದೇಬಿಟ್ಟರು.

ಆ ಕುದುರೆ ಹುಟ್ಟಿದಾಗಿನಿಂದ ರಸ್ತೆ ಬಿಟ್ಟು ಹೊಲಕ್ಕೆ ಇಳಿದದ್ದಲ್ಲ. ಕೆರೆ ಏರಿಯ ಮೇಲೆ ನಿಂತು ನೀರನ್ನು ನೋಡಿತು, ನಮ್ಮನ್ನು ನೋಡಿತು, ಹಿಂದಕ್ಕೆ ಹೆಜ್ಜೆ ಹಾಕಿತು. ಸಾಬರು ಅದರ ಕಿವಿಯಲ್ಲಿ ಉರ್ದುವಿನಲ್ಲಿ ಏನೋ ಹೇಳಿದರು. ಅತ್ತೆ ಒಂದು ಹಿಡಿ ರಾಗಿ ತೆನೆ ಕಿತ್ತು ಅದರ ಮೂತಿಯ ಮುಂದೆ ಹಿಡಿದರು. ಉರ್ದುವಿಗೆ ಆಗದ ಕೆಲಸ ತೆನೆಗೆ ಆಯಿತು. ಅಲ್ಲಿಂದ ಮುಂದೆ ಅದಕ್ಕೆ ಒಂದೇ ಚಾಳಿ. ಗಾಡಿ ತುಂಬಿದ ಮೇಲೆ ಕತ್ತು ಹಿಂದಕ್ಕೆ ತಿರುಗಿಸಿ ಹೊರೆಯಿಂದ ಒಂದು ಬಾಯಿ ಎಳೆದುಕೊಳ್ಳದೆ ಹೊರಡುತ್ತಿರಲಿಲ್ಲ. "ಈ ಹೊಲದಾಗೆ ಉಪವಾಸ ಇಲ್ದೋನು ಇವನೊಬ್ನೇ, ತಿನ್ಲಿ ಬುಡು," ಎಂದರು ಅತ್ತೆ.

ಕುದುರೆ ಗಾಡಿ ಚಿಕ್ಕದು, ಅದೊಂದರಿಂದ ಸಾಲದು. ನಮ್ಮ ಮೈದುನನಿಗೆ ಆಗ ಒಂದು ಉಪಾಯ ಹೊಳೆಯಿತು. "ಎತ್ತಿನ ಹೆಗಲಿಗೆ ತಾನೆ ನೊಗ ತಾಕ್ಬಾರ್ದು? ನಮ್ ಹೆಗಲಿಗೆ ತಾಕುದ್ರೆ?" ಎಂದು ಅಣ್ಣನನ್ನೂ ಎಳೆದುಕೊಂಡು ಹೋದ. ನೊಗಕ್ಕೆ ಇಬ್ಬರೂ ಹೆಗಲು ಕೊಟ್ಟು, ನಮ್ಮ ಎತ್ತಿನ ಗಾಡಿಯನ್ನು ಬೀದಿಗೆ ತಂದರು. ಅದನ್ನು ನೋಡಲು ಊರೇ ಬಾಗಿಲಿಗೆ ಬಂತು.

"ಬಲಗಡೆ ಎತ್ತು ಸೋಂಬೇರಿ ಕಣ್ಲಾ, ಬಾಲ ತಿರುವ್ಲಾ!" ಎಂದು ಎದುರುಮನೆ ದೊಡ್ಡಪ್ಪ ಕೂಗಿದರು. ಬಲಗಡೆಗೆ ಇದ್ದವರು ನಮ್ಮ ಯಜಮಾನರು.

"ಎಡಗಡೇದು ಜೋರಾಗದೆ, ಯಾವ್ ಸಂತೇಲಿ ತಂದ್ರಿ?" ಎಂದಳು ಒಬ್ಬಳು ನಾದಿನಿ ವರಸೆಯವಳು.

"ಬಾಯ್ ಬುಡ್ಸಿ ಅಲ್ಲು ನೋಡಿ ತಂದೋ ಕಣವ್ವ," ಎಂದರು ಅತ್ತೆ, ನಗು ತಡೆಯಲಾರದೆ.

ಮೈದುನ ಸುಮ್ಮನಿರುವವನೇ? ದೊಡ್ಡಪ್ಪನ ಜಗಲಿಯ ಮುಂದೆ ನಿಂತು ಎತ್ತಿನ ಹಾಗೆ ಉಸಿರುಬಿಟ್ಟು, "ಹುಲ್ ಆಕಿ ದೊಡ್ಡಪ್ಪ, ಇಲ್ದಿದ್ರೆ ಹಾಯ್ತೀನಿ," ಎಂದ. ನಕ್ಕು ನಕ್ಕು ದೊಡ್ಡಪ್ಪನಿಗೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಮೂಡಲ ಕಡೆ ನೋಡಿದರು. ಮೋಡ ಆ ವೇಳೆಗೆ ಕೆರೆಯಾಚೆಯ ಆಲದ ಮರದ ನೆತ್ತಿಗೆ ಬಂದಿತ್ತು. ಅವರು ಎಲೆಯಡಿಕೆ ಉಗಿದು, ಟವಲನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡು, ನಮ್ಮ ಹೊಲದ ದಾರಿ ಹಿಡಿದರು. ಅವರ ಹಿಂದೆ ಅವರ ಮನೆಯವರು, ಅವರ ಹಿಂದೆ ಬೀದಿಯವರು. ಕರೆಯಲು ನಾವು ಯಾರ ಮನೆಗೂ ಹೋಗಿರಲಿಲ್ಲ. ಇದನ್ನು ನಾನು ಸಣ್ಣ ದಯೆ ಎನ್ನಲಾರೆ.

ನನಗೆ ಹೊರೆ ಹೊತ್ತು ಅಭ್ಯಾಸವಿರಲಿಲ್ಲ. ರಾಗಿ ಹೊರೆ ಜಾರುತ್ತದೆ, ಹುಲ್ಲು ನುಣುಪು. ನನ್ನ ಮೊದಲನೆಯ ಹೊರೆ ಕೆರೆ ಏರಿಯ ಮೇಲೆ ಜಾರಿ ಕಣ್ಣಿನ ಮೇಲೆ ಬಂದು ಕೂತಿತು. ದಾರಿ ಕಾಣದೆ ನಿಂತೆ. "ಗದ್ದೆ ಸೀಮೆ ಸೊಸೆ ನಿಂತ್ಕಂಡೇ ನಿದ್ದೆ ಮಾಡ್ತಾವ್ಳೆ," ಎಂದು ಹೆಂಗಸರು ನಕ್ಕರು. ಒಬ್ಬಳು ಬಂದು ಹೊರೆ ಸರಿಮಾಡಿ, ಕತ್ತನ್ನು ಹೇಗೆ ನೆಟ್ಟಗೆ ಇಡಬೇಕೆಂದು ತೋರಿಸಿದಳು. ಯಾರೋ ಪದ ಶುರುಮಾಡಿದರು. ಹೊಟ್ಟೆಯಲ್ಲಿ ಏನೂ ಇಲ್ಲ, ತಲೆಯ ಮೇಲೆ ಹೊರೆ, ಬಾಯಲ್ಲಿ ಹಾಡು. ಅಷ್ಟು ಹಗುರವಾಗಿ ನಾನು ಮತ್ತೆಂದೂ ನಡೆದ ನೆನಪಿಲ್ಲ.

ಹೊಲದಲ್ಲಿ ಕೆಳಗಿನ ಪಟ್ಟೆ ಒಂದು ಉಳಿದಿತ್ತು, ಅಷ್ಟರಲ್ಲಿ ಬೆಳಕು ಬತ್ತತೊಡಗಿತು. ಅದೊಂದನ್ನು ಬಿಟ್ಟು ಎಲ್ಲ ಮನೆಗೆ ಬಂದಿತ್ತು. ಮೆದೆ ಒಟ್ಟುವುದಕ್ಕೆ ವೇಳೆಯಿಲ್ಲ. ಜಗಲಿಯ ಮೇಲೆ, ಪಡಸಾಲೆಯಲ್ಲಿ, ನಡುಮನೆಯಲ್ಲಿ, ಅಟ್ಟದ ಮೇಲೆ, ಎಲ್ಲಿ ನೋಡಿದರೂ ಹೊರೆ. ಮಾವನವರ ಮಂಚದ ಮೇಲೂ ಹೊರೆ. "ನಾನೆಲ್ಲಿ ಮಲಗ್ಲಿ?" ಎಂದರೆ, "ಅದ್ರ ಮ್ಯಾಲೇ," ಎಂದರು ಅತ್ತೆ. ಸಾಬರ ಉಪ್ಪಿನ ಚೀಲಗಳನ್ನು ಮಾತ್ರ ಅವರೇ ನಿಂತು ಒಳಗೆ ಹೊರಿಸಿ, ಒಲೆಯ ಪಕ್ಕದ ಬೆಚ್ಚನೆ ಮೂಲೆಯಲ್ಲಿ ಇಡಿಸಿದರು. ನಮ್ಮ ರಾಗಿಗೆ ಅಂಥ ಜಾಗ ಸಿಗಲಿಲ್ಲ.

ಈಗ ಉಪವಾಸ ಬಿಡಬೇಕು. ಹೊತ್ತು ಮುಳುಗಿದ ಮೇಲೆ ಗುಡಿಯಲ್ಲಿ ದೀಪ, ದೀಪವಾದ ಮೇಲೆ ನಮ್ಮ ಊಟ. ಸಾಬರಿಗೂ ಹೊತ್ತು ಮುಳುಗಬೇಕು. ಆದರೆ ಆಕಾಶವೆಲ್ಲ ಬೂದಿ ಬಳಿದ ಹಾಗಿದೆ, ಸೂರ್ಯ ಎಲ್ಲಿದ್ದಾನೋ ದೇವರಿಗೇ ಗೊತ್ತು.

"ಕೋಳಿ ಗೂಡು ಸೇರ್ದೋ. ಒತ್ತು ಮುಳುಗ್ತು," ಎಂದರು ಮಾವನವರು. ಹಸಿವು ಅವರಿಗೇ ಹೆಚ್ಚು.

"ಮೋಡ ಕವ್ಕಂಡ್ರೆ ಕೋಳಿ ಮದ್ಯಾನ್ನಾನೂ ಗೂಡು ಸೇರ್ತದೆ," ಎಂದರು ಅತ್ತೆ.

ಸಾಬರು ಕೈಮುಗಿದು ನಕ್ಕರು. "ಇಷ್ಟೊತ್ತು ತಡ್ಕಂಡು, ಕಡೀಕೆ ಕೋಳಿ ಮಾತು ಕೇಳಿ ರೋಜಾ ಉಪವಾಸ ಮುರಿದೆ ಅಂದ್ರೆ ನನ್ ಹೆಂಡ್ತಿ ಮನೇಗ್ ಸೇರ್ಸಾಕಿಲ್ಲ ಮಾವ. ಇನ್ನೊಸಿ ತಡ್ಯಾಣ."

ತಡೆದೆವು. ಎಲ್ಲರೂ ಜಗಲಿಯಲ್ಲಿ ಹೊರೆಗಳ ನಡುವೆ ಕಾಲು ತೂರಿಸಿಕೊಂಡು, ಬೆಳಕು ಪೂರ್ತಿ ಹೋಗಲಿ ಎಂದು ಕಾದೆವು. ಎದುರಿಗಿದ್ದವರ ಹಣೆಯ ಕುಂಕುಮ ಕಾಣದಷ್ಟು ಕತ್ತಲಾದ ಮೇಲೆ ಅತ್ತೆ ಎದ್ದು, ಬಾಳೆಹಣ್ಣು, ಹಾಲು ತಂದು ಮೊದಲು ಸಾಬರ ಮುಂದೆ ಇಟ್ಟರು. ಅವರು ಕಣ್ಣು ಮುಚ್ಚಿ ಬಾಯಲ್ಲೇ ಏನೋ ಹೇಳಿಕೊಂಡು ಹಣ್ಣು ಮುರಿದರು. ಗುಡಿಯ ಗಂಟೆ ಕೇಳಿಸಿತು. ನಾವೂ ದೀಪ ಹಚ್ಚಿ ಬಂದು ತಂಬಿಟ್ಟು ಬಾಯಿಗೆ ಹಾಕಿಕೊಂಡೆವು. ಆಗ ಹೆಂಚಿನ ಮೇಲೆ ಯಾರೋ ಸಾಸಿವೆ ಎರಚಿದಂಥ ಸದ್ದು. ಎಲ್ಲರೂ ತಂಬಿಟ್ಟು ತುಂಬಿದ ಬಾಯಲ್ಲೇ ಮೇಲೆ ನೋಡಿದೆವು. ಮಳೆ.

ಗುಡುಗಿಲ್ಲ, ಸಿಡಿಲಿಲ್ಲ. ಸಾಬರು ಹೇಳಿದ ಅಬ್ಬರ ಯಾವುದೂ ಬರಲಿಲ್ಲ. ದಾರಿಯಲ್ಲಿ ಊರೂರಿಗೂ ಹಂಚಿ, ನಮ್ಮೂರಿಗೆ ಬರುವ ಹೊತ್ತಿಗೆ ಸಮುದ್ರದ ಕೋಪ ಇಳಿದಿತ್ತೋ ಏನೋ. ಸಣ್ಣಗೆ, ಬಿಡದೆ, ಒಂದೇ ಸಮನೆ ಜಡಿಮಳೆ. ಮರುದಿನ ಬೆಳಗ್ಗೆ ಮಳೆ ಸ್ವಲ್ಪ ಕಡಿಮೆಯಾದಾಗ ಸಾಬರು ಖಾಲಿ ಗಾಡಿ ಹೊಡೆದುಕೊಂಡು ಹೊರಟರು. ಉಪ್ಪನ್ನು ನೆನೆಸುವುದು ಬೇಡ, ಆಮೇಲೆ ಒಯ್ಯುತ್ತೇನೆ ಎಂದರು. ಅತ್ತೆ ಅವರ ಕುದುರೆಯ ಮೇಲೆ ನಮ್ಮ ಮನೆಯ ಕಂಬಳಿ ಹೊದಿಸಿ ಕಳಿಸಿದರು.

ಆಮೇಲೆ ನಾವು ರಾಗಿಯೊಳಗೇ ಸಂಸಾರ ಮಾಡಿದೆವು. ಅಡುಗೆಮನೆಗೆ ಹೋಗಲು ಹೊರೆಗಳ ನಡುವೆ ಒಂದು ಸಂದಿ, ದೇವರಮನೆಗೆ ಇನ್ನೊಂದು. ಎರಡೂ ಕಡೆಯಿಂದ ಬಂದವರು ಎದುರಾದರೆ ಒಬ್ಬರು ಹಿಂದಕ್ಕೆ ಹೋಗಬೇಕು. ಹೊಸ ಹುಲ್ಲಿನ ವಾಸನೆ, ಹೊರಗೆ ಮಳೆಯ ವಾಸನೆ. ಬೇಲಿಯ ಅವರೆಕಾಯಿ ಸುಲಿದು ಸಾರು ಮಾಡಿದರೆ ಅದರ ಘಮಲು ಬೇರೆ. ಯಜಮಾನರು ಹಗಲಲ್ಲಿ ಮನೆಯಲ್ಲೇ ಇದ್ದದ್ದು ನಾನು ಮದುವೆಯಾದ ಮೇಲೆ ಅದೇ ಮೊದಲು. ಸಂದಿಯಲ್ಲಿ ಎದುರಾದಾಗಲೆಲ್ಲ ಅವರು ಹಿಂದಕ್ಕೆ ಹೋಗುತ್ತಿರಲಿಲ್ಲ. ಅದನ್ನು ಇಷ್ಟಕ್ಕೇ ಬಿಡುತ್ತೇನೆ.

ಮಳೆ ಹಿಡಿದ ಮೂರು ನಾಲ್ಕು ದಿನಕ್ಕೆ ಒಂದು ಬೆಳಗ್ಗೆ ಮಾವನವರು ಎದ್ದು, "ನಿನ್ನೆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಕೆಳಗಿಂದ ಬೆಚ್ಚಗಿತ್ತು," ಎಂದರು. ಅತ್ತೆಯ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. ಓಡಿ ಬಂದು, ಮಾವನವರು ಮಲಗಿದ್ದ ಹೊರೆಯೊಳಕ್ಕೆ ಮೊಣಕೈವರೆಗೆ ಕೈ ತೂರಿಸಿದರು. "ಅಯ್ಯೋ ಮಾದಪ್ಪಾ," ಎಂದರು. ನಾನೂ ಕೈಹಾಕಿದೆ. ಜ್ವರ ಬಂದವರ ಕಂಕುಳಿನಂತೆ ಸುಡುತ್ತಿತ್ತು. ಬಿಸಿಲಿಲ್ಲದೆ, ಗಾಳಿಯಿಲ್ಲದೆ ಒತ್ತೊತ್ತಾಗಿ ಬಿದ್ದ ರಾಗಿ ಕಾವು ಕಟ್ಟಿತ್ತು. ಹೀಗೇ ಬಿಟ್ಟರೆ ಎರಡು ದಿನದಲ್ಲಿ ಮುಗ್ಗುತ್ತದೆ. ಹೊಲದಿಂದ ಉಳಿಸಿಕೊಂಡು ಬಂದದ್ದನ್ನು ಮನೆಯೊಳಗೇ ಕಳೆದುಕೊಳ್ಳುವ ಕಾಲ ಬಂತು.

ಬಡಿದು ಕಾಳು ಮಾಡಿದರೆ ಬದುಕುತ್ತದೆ. ಆದರೆ ಕಣವಿಲ್ಲ, ಕಣ ಮಾಡುವ ನೆಲವೆಲ್ಲ ಕೆಸರು. ಕಣದ ಪೂಜೆಯಾಗದೆ ತೆನೆಗೆ ಕೋಲು ತಾಕಿಸುವುದಿಲ್ಲ ಎಂಬುದೂ ಇತ್ತು. ಅತ್ತೆ ಬಾಗಿಲಲ್ಲಿ ನಿಂತು ಮಳೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಿರುಗಿ, "ಪಡಸಾಲೆ ಖಾಲಿ ಮಾಡಿ. ಸಗಣಿ ತಾ ಕೂಸೇ," ಎಂದರು.

ಪಡಸಾಲೆಯನ್ನೇ ಕಣ ಮಾಡಿದರು. ನೆಲ ಸಾರಿಸಿ, ಸಗಣಿಯಲ್ಲಿ ಬೆನಕನನ್ನು ಮಾಡಿ, ತಲೆಗೆ ಗರಿಕೆ ಸಿಕ್ಕಿಸಿ, ಅವರೆ ಹೂವು ಏರಿಸಿದರು. ತೆಂಗಿನಕಾಯಿ ಒಡೆದು, "ಅಪ್ಪಾ ಬೆನಕ, ಮ್ಯಾಲೆ ಆಕಾಸ ಇಲ್ಲ, ಎಂಚು ಅದೆ ಅಂತ ಕ್ವಾಪ ಮಾಡ್ಕಬ್ಯಾಡ. ಇದೇ ನಮ್ ಕಣ," ಎಂದರು. ಆಮೇಲೆ ಯಾರೂ ಪಡಸಾಲೆಯಲ್ಲಿ ಚಪ್ಪಲಿ ಮೆಟ್ಟಲಿಲ್ಲ, ಉಗುಳಲಿಲ್ಲ. ದೊಡ್ಡಪ್ಪ ಮಾತ್ರ ಎಲೆಯಡಿಕೆಗೆ ಜಾಗವಿಲ್ಲದೆ ಒದ್ದಾಡಿದರು.

ಹಗ್ಗ ಕಟ್ಟಿ ಕೆಲವು ಹೊರೆ ಬಿಚ್ಚಿ ನೇತುಹಾಕಿದೆವು. ಒಲೆಯ ಮೇಲಿನ ಅಟ್ಟದಲ್ಲಿ ಕೆಲವನ್ನು ಹರಡಿದೆವು. ಕಾವು ಕಟ್ಟಿದ್ದನ್ನೆಲ್ಲ ಬಡಿದೆವು. ಬೀದಿಯ ಹೆಂಗಸರು ಕೋಲು ಹಿಡಿದು ಬಂದರು, ಸಾಲಾಗಿ ಕೂತು ಬಡಿದರು. ಸೋಬಾನೆಗೆ ಕೋಲಿನ ತಾಳ. ಹೊಟ್ಟು ಹಾರಿ ಎಲ್ಲರ ತಲೆಯೂ ಕೆಂಪಗಾಯಿತು. ಬಡಿದ ಕಾಳನ್ನು ಚಾಪೆ, ಕಂಬಳಿ, ನನ್ನ ಮದುವೆಯ ಜಮಖಾನ, ಎಲ್ಲದರ ಮೇಲೂ ಹರಡಿ ಕೈಯಾಡಿಸಿದೆವು. ಆ ಗದ್ದಲದಲ್ಲಿ ದೊಡ್ಡಪ್ಪ ಕೇಳಿದರು, "ಇದು ಯಾವ್ ಮಳೆ ಅಂತ ತೀರ್ಮಾನ ಆಯ್ತಾ?"

"ಮದ್ರಾಸ್ ಮಳೆ," ಎಂದರು ಮಾವನವರು. ಹೊರೆಯ ಮೇಲೆ ಕೂತು ಹೆಸರಿಟ್ಟಾಯಿತು. ನಮ್ಮೂರಲ್ಲಿ ಆಮೇಲೂ ಅದೇ ಹೆಸರು ನಿಂತಿತು.

ಬಿಸಿಲು ಬಂದ ದಿನ ಸಾಬರೂ ಬಂದರು. ಅತ್ತೆ ಅವರನ್ನು ಒಳಗೆ ಕರೆದು ಉಪ್ಪಿನ ಚೀಲ ತೋರಿಸಿದರು. ಒಲೆಯ ಪಕ್ಕ ಇದ್ದ ಉಪ್ಪು ಹರಳು ಹರಳಾಗಿ ಒಣಗಿತ್ತು. "ಅಂಗಡಿಯಲ್ಲಿದ್ದದ್ದು ನೀರಾಗೋಯ್ತು ಕಣವ್ವ, ಇದೇ ಉಳಿದದ್ದು," ಎಂದು ಅವರು ಚೀಲದ ಮೇಲೆ ಕೈಯಿಟ್ಟುಕೊಂಡು ನಿಂತರು. ಅತ್ತೆ ರಾಗಿ ಅಳೆಯಲು ಕೂತರು. ಮೊದಲ ಅಳತೆಗೆ ಒಂದು ಎನ್ನದೆ "ಲಾಭ" ಎನ್ನುವುದು ವಾಡಿಕೆ. "ಲಾಭ" ಎಂದು ಆ ಮೊದಲ ಕೊಳಗವನ್ನು ಕುದುರೆಯ ಪಾಲೆಂದು ಸಾಬರ ಟವಲಿಗೆ ಸುರಿದರು. ಹಗೇವು ತುಂಬುವಷ್ಟು ಇರಲಿಲ್ಲ, ವರ್ಷಕ್ಕೆ ಸಾಲುವಷ್ಟು ಇತ್ತು. ಸಾಲುವಷ್ಟು ಎಂಬುದೇ ದೇವರು ಕೊಡುವ ಸರಿಯಾದ ಅಳತೆ ಎಂದು ನನಗೆ ಆಮೇಲೆ ಆಮೇಲೆ ತಿಳಿಯಿತು.

ಅಲ್ಲಿಂದ ಮುಂದೆ ಪ್ರತಿ ವರ್ಷ, ಅರಿ ಹಾಕುವ ಮೊದಲು, ಸಾಬರ ಗಾಡಿ ಬಂದರೆ ನಮ್ಮ ಬೀದಿಯ ಹೆಂಗಸರು ಬೆಲ್ಲದ ಮಾತು ಎತ್ತುತ್ತಿರಲಿಲ್ಲ. "ಸಾಬ್ರಣ್ಣ, ಸಮುದ್ರ ಎಂಗದೆ?" ಎಂದು ಕೇಳುತ್ತಿದ್ದರು. ನಾವು ಯಾರೂ ಸಮುದ್ರ ಕಂಡವರಲ್ಲ. ದೂರದ ಊರಿಗೆ ಕೊಟ್ಟ ಹೆಣ್ಣಿನ ಯೋಗಕ್ಷೇಮ ವಿಚಾರಿಸಿದ ಹಾಗೆ ವಿಚಾರಿಸುತ್ತಿದ್ದೆವು. "ಸುಮ್ಕೆ ಮಲಗದೆ ಕಣವ್ವ," ಎಂದು ಅವರು ಹೇಳಿದರೆ ಸಮಾಧಾನವಾಗುತ್ತಿತ್ತು.

ಆ ವರ್ಷ ಬಿಸಿಲು ಬಂದ ಮಧ್ಯಾಹ್ನ ನಾವು ಹೊಲಕ್ಕೆ ಹೋದೆವು. ತರಲಾಗದೆ ಬಿಟ್ಟ ಕೆಳಗಿನ ಪಟ್ಟೆ ನೋಡಬೇಕಿತ್ತು. ಅರಿಯೆಲ್ಲ ನೆಲಕ್ಕೆ ಅಂಟಿಕೊಂಡು, ಒಂದೊಂದು ತೆನೆಯೂ ಮೊಳೆತು, ಹಸಿರು ಕೂದಲು ಬಿಟ್ಟಿತ್ತು. ಯಜಮಾನರು ಬದುವಿನ ಮೇಲೆ ಕುಕ್ಕರಿಸಿದರು. ಮೈದುನನೂ ತಮಾಷೆ ಮಾಡಲಿಲ್ಲ.

ಅತ್ತೆ ಕೆಸರಿಗೆ ಇಳಿದರು. ಒಂದು ತೆನೆ ಕಿತ್ತು, ಸೆರಗಿನಲ್ಲಿ ಒರೆಸಿ, ಕಾಳು ಉಜ್ಜಿ ಬಾಯಿಗೆ ಹಾಕಿಕೊಂಡು ಅಗಿದರು. ಇನ್ನೊಮ್ಮೆ ಅಗಿದರು.

"ಸೀಯಾಗದೆ," ಎಂದರು.

"ಏನವ್ವ?" ಎಂದರು ಯಜಮಾನರು.

"ಮೊಳೆತ ರಾಗಿ ಕಣ್ಲಾ. ಐಕ್ಳಿಗೆ ಕುಡ್ಸಾಕೆ ರಾಗಿ ಸರಿ ಮಾಡ್ಬೇಕಾರೆ ನಾವು ಮಡಕೇಲಿ ನೆನೆಸಿ, ಬಟ್ಟೇಲಿ ಕಟ್ಟಿ, ಮೊಳೆಸಿ ಸಾಯ್ತೀವಿ. ಇಲ್ಲಿ ದೇವ್ರೇ ಮೊಳೆಸಿ ಮಡಗವ್ನೆ. ಮುಗ್ಗೋಕ್ ಮುಂಚೆ ಒಣಗಿಸ್ಬುಟ್ರೆ ಬೀದೀಲಿರೋ ಐಕ್ಳಿಗೆಲ್ಲಾ ಆಯ್ತದೆ. ಸಾಬ್ರ ಮನೇಲೂ ಒಂದ್ ಮೊಮ್ಮಗು ಅದೆ, ಅದ್ಕೂ ವಸಿ ಕಟ್ಟಿ ಕೊಡಾಣ. ಏಳಿ ಮ್ಯಾಕೆ."

ನಾನೂ ಇಳಿದೆ. ಒಂದು ತೆನೆ ಉಜ್ಜಿ ಬಾಯಿಗೆ ಹಾಕಿಕೊಂಡೆ. ಮಣ್ಣಿನ ರುಚಿ ಮೊದಲು ಬಂತು, ಆಮೇಲೆ ನಿಜವಾಗಿಯೂ ಬೆಲ್ಲದ ಹಾಗೆ ಸಿಹಿ. ಯಜಮಾನರ ಕೈಗೂ ಒಂದು ಕೊಟ್ಟೆ. ಅವರು ಅಗಿದು, ತಮ್ಮನ ಮುಖ ನೋಡಿದರು. ಮೈದುನ ಎರಡು ತೆನೆ ಒಟ್ಟಿಗೇ ಬಾಯಿಗೆ ತುರುಕಿಕೊಂಡು, ಗಲ್ಲದ ತುಂಬ ಹಸಿರು ಮೊಳಕೆ ಅಂಟಿಸಿಕೊಂಡು, ಎತ್ತಿನ ಹಾಗೆ ಮೆಲುಕು ಹಾಕುತ್ತ ನಿಂತ. ಅತ್ತೆ ಬೆನ್ನಿಗೊಂದು ಗುದ್ದಿ, "ತಿನ್ನೋದ್ ಸಾಕು, ಎತ್ಲಾ ಐಕ್ಳ ಪಾಲ," ಎಂದರು. ಮೊಣಕಾಲುದ್ದ ಕೆಸರಿನಲ್ಲಿ ನಿಂತು, ನಾವು ನಾಲ್ವರೂ ಅರಿ ಎತ್ತತೊಡಗಿದೆವು.